ಅರ್ಧದಲ್ಲಿ ನಿಂತ ತಂತ್ರಾಂಶವನ್ನು ತೆಗೆಯುವ ಕ್ರಮ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೊಸ ಗಣಕಯಂತ್ರ ಮನೆಗೆ ಬಂದ ದಿನ ಆ ಮನೆಯಲ್ಲಿ ಒಂದು ಸಂಭ್ರಮವಿರುತ್ತದೆ. ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಅದನ್ನು ಮೇಜಿನ ಮೇಲೆ ಇರಿಸುತ್ತೇವೆ. ಅದೇ ಸಂಜೆ ಒಂದೊಂದಾಗಿ ತಂತ್ರಾಂಶಗಳನ್ನು ಅಳವಡಿಸಲು ತೊಡಗುತ್ತೇವೆ. ಕೆಲಸ ನಡೆಯುತ್ತಿರುವಾಗಲೇ ವಿದ್ಯುತ್ತು ಹೋಗಬಹುದು. ಅಂತರಜಾಲದ ಸಂಪರ್ಕ ಕಡಿದುಹೋಗಬಹುದು. ಅಥವಾ ಪರದೆಯ ಮೇಲಿನ ಪಟ್ಟಿ ಮುಂದಕ್ಕೆ ಸರಿಯದಿರುವುದನ್ನು ಕಂಡು ಬೇಸತ್ತು ನಾವೇ ಗುಂಡಿಯೊತ್ತಿ ಯಂತ್ರವನ್ನು ನಿಲ್ಲಿಸಬಹುದು. ಮರುದಿನ ಯಂತ್ರವನ್ನು ತೆರೆದರೆ ತೊಂದರೆ ಮೊದಲಾಗುತ್ತದೆ. ತಂತ್ರಾಂಶ ಕೆಲಸ ಮಾಡುವುದಿಲ್ಲ, ತೆಗೆದುಹಾಕೋಣವೆಂದರೆ ಹೋಗುವುದಿಲ್ಲ, ಮತ್ತೆ ಅಳವಡಿಸೋಣವೆಂದರೆ ಈಗಾಗಲೇ ಇದೆ ಎಂಬ ಉತ್ತರ ಬರುತ್ತದೆ.

ಇದನ್ನು ಸಣ್ಣ ವಿಷಯವೆಂದು ತಾವು ಭಾವಿಸಬಹುದು. ಆದರೆ ಇಂದು ಮನೆಯ ಗಣಕಯಂತ್ರದಲ್ಲಿ ಏನೇನಿರುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ನಿವೃತ್ತಿ ವೇತನದ ಕಾಗದಪತ್ರ, ಬ್ಯಾಂಕಿನ ಲೆಕ್ಕ, ಮನೆಯ ಕ್ರಯಪತ್ರದ ಪ್ರತಿ, ಮಕ್ಕಳ ಅಂಕಪಟ್ಟಿ, ಗತಿಸಿದ ಹಿರಿಯರ ಭಾವಚಿತ್ರ ಎಲ್ಲವೂ ಅಲ್ಲಿರುತ್ತವೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಂಥ ನಗರಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಬೇರೆ ಊರಿನಲ್ಲಿದ್ದು, ಹಿರಿಯರಿಬ್ಬರೇ ಈ ಯಂತ್ರವನ್ನು ನಡೆಸುತ್ತಾರೆ. ಅರ್ಧದಲ್ಲಿ ನಿಂತ ಒಂದು ತಂತ್ರಾಂಶ ತಾನಾಗಿ ಮಾಡುವ ಹಾನಿ ಬಹಳ ಕಡಿಮೆ. ಅದನ್ನು ತೆಗೆಯುವ ಆತುರದಲ್ಲಿ ನಾವು ಮಾಡಿಕೊಳ್ಳುವ ಹಾನಿಯೇ ಹೆಚ್ಚು. ಆದಕಾರಣ ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ತಂತ್ರಾಂಶವು ಯಾವ ದಾರಿಯಿಂದ ಒಳಗೆ ಬಂದಿತೋ ಅದೇ ದಾರಿಯಿಂದ, ಕ್ರಮವರಿತು, ಅದನ್ನು ಹೊರಗೆ ಕಳುಹಿಸಬೇಕು.

ಬಹುಪಾಲು ಮನೆಗಳಲ್ಲಿ ವಿಂಡೋಸ್ ವ್ಯವಸ್ಥೆಯ ಯಂತ್ರಗಳೇ ಇರುವುದರಿಂದ ನನ್ನ ಮಾತನ್ನು ಅದಕ್ಕೆ ಸೀಮಿತಗೊಳಿಸುತ್ತೇನೆ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಹೊರಬಂದಿತು. ಅದಕ್ಕೆ ಹಿಂದಿನ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆದ್ದರಿಂದ ಹೊಸ ಯಂತ್ರದಲ್ಲಿ ತಾವು ಕಾಣುವುದು ವಿಂಡೋಸ್ 11 ಎಂದೇ ಇಟ್ಟುಕೊಳ್ಳೋಣ. ಹೆಚ್ಚಿನ ಯಂತ್ರಗಳ ಪರದೆಯ ಮೇಲೆ ಸೂಚನೆಗಳು ಇಂಗ್ಲಿಷಿನಲ್ಲಿಯೇ ಇರುವುದರಿಂದ, ಗುರುತು ಹಿಡಿಯಲು ಅನುಕೂಲವಾಗಲೆಂದು ಆ ಹೆಸರುಗಳನ್ನೇ ಬಳಸುತ್ತೇನೆ.

ಮೊದಲು, ತಂತ್ರಾಂಶವನ್ನು ಅಳವಡಿಸುವುದೆಂದರೆ ಏನು ಎಂಬುದನ್ನು ತಿಳಿಯೋಣ. ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇಟ್ಟಂತೆ ಅದು ಒಂದೇ ಕಡೆ ಕೂರುವುದಿಲ್ಲ. ಬಾಡಿಗೆ ಮನೆಗೆ ಸಂಸಾರವೊಂದು ಬಂದಾಗ ಸಾಮಾನುಗಳು ಮನೆಯೊಳಗೆ ಬರುತ್ತವೆ. ಅದರ ಜೊತೆಗೆ ಸಂಘದ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಲ್ಪಡುತ್ತದೆ, ಹಾಲಿನವನಿಗೂ ಪತ್ರಿಕೆಯವನಿಗೂ ಹೇಳಲಾಗುತ್ತದೆ, ಕೆಳಗಿನ ಬಾಗಿಲಿನ ಬೀಗದ ಕೈ ಒಂದು ಅವರ ಕೈ ಸೇರುತ್ತದೆ. ತಂತ್ರಾಂಶದ ವಿಷಯವೂ ಹೀಗೆಯೇ. ಅದರ ಮುಖ್ಯ ಕಡತಗಳು ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನಲ್ಲಿ ಕೂರುತ್ತವೆ. ಕೆಲವು ಕಡತಗಳು ಪ್ರೋಗ್ರಾಂ ಡೇಟಾ, ಆ್ಯಪ್ ಡೇಟಾ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರುಗಳಲ್ಲಿರುತ್ತವೆ. ಯಂತ್ರ ಆರಂಭವಾದೊಡನೆ ತಾನೂ ಎದ್ದು ನಿಲ್ಲುವಂತೆ ಕೆಲವು ತಂತ್ರಾಂಶಗಳು ಸೇವೆಗಳನ್ನು ನೇಮಿಸಿಕೊಳ್ಳುತ್ತವೆ. ಇವೆಲ್ಲದರ ವಿವರ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಬರೆಯಲ್ಪಡುತ್ತದೆ.

ಈ ರಿಜಿಸ್ಟ್ರಿ 1992ರ ವಿಂಡೋಸ್ 3.1ರಲ್ಲಿ ಚಿಕ್ಕ ರೂಪದಲ್ಲಿ ಕಾಣಿಸಿಕೊಂಡು, 1995ರ ವಿಂಡೋಸ್ 95ರಲ್ಲಿ ವಿಸ್ತಾರಗೊಂಡಿತು. ಅದಕ್ಕೂ ಮೊದಲು ಪ್ರತಿಯೊಂದು ತಂತ್ರಾಂಶವೂ ತನ್ನ ವಿವರವನ್ನು ಬೇರೆ ಬೇರೆ ಪಠ್ಯ ಕಡತಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಎಲ್ಲವನ್ನೂ ಒಂದೆಡೆ ದಾಖಲಿಸುವ ಈ ಏರ್ಪಾಡಿನಿಂದ ಅನುಕೂಲ ಬಹಳವಾಯಿತು. ಆದರೆ ಅದರಿಂದ ಒಂದು ಹೊಣೆಯೂ ಬಂದಿತು: ಸಾಮಾನು ಹೊರಗೆ ಹೋದ ಮಾತ್ರಕ್ಕೆ ಹೆಸರು ಅಳಿಸಿಹೋಗುವುದಿಲ್ಲ. ಹೆಸರನ್ನು ಅಳಿಸಿದ ಮಾತ್ರಕ್ಕೆ ಸಾಮಾನು ಹೊರಗೆ ಹೋಗುವುದೂ ಇಲ್ಲ.

ಅಳವಡಿಕೆ ನಡುವೆ ನಿಂತರೆ ಏನಾಗಬೇಕೆಂಬುದನ್ನು ತಜ್ಞರು ಯೋಚಿಸದೆ ಬಿಟ್ಟಿಲ್ಲ. ಆಫೀಸ್ 2000ರೊಂದಿಗೆ 1999ರಲ್ಲಿ ಬಳಕೆಗೆ ಬಂದ ವಿಂಡೋಸ್ ಇನ್‌ಸ್ಟಾಲರ್ ಎಂಬ ಏರ್ಪಾಡು, ತಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಕೆಲಸ ಕೆಟ್ಟರೆ, ಬಂದ ಹೆಜ್ಜೆಗಳನ್ನೇ ಹಿಂದಕ್ಕೆ ಇಟ್ಟು ಯಂತ್ರವನ್ನು ಮೊದಲಿನ ಸ್ಥಿತಿಗೆ ತರಲು ಯತ್ನಿಸುತ್ತದೆ. ಆದರೆ ಎಲ್ಲ ತಂತ್ರಾಂಶಗಳೂ ಈ ಏರ್ಪಾಡನ್ನು ಬಳಸುವುದಿಲ್ಲ. ಬಳಸುವಂಥವುಗಳಲ್ಲಿಯೂ ವಿದ್ಯುತ್ತು ಥಟ್ಟನೆ ನಿಂತಾಗ ಹಿಂದಿರುಗುವ ಕೆಲಸವೇ ಅರ್ಧಕ್ಕೆ ನಿಲ್ಲಬಹುದು. ನಮಗೆ ಉಳಿಯುವ ಅವಶೇಷ ಇದೇ. ಕೆಲವು ಕಡತಗಳಿವೆ, ಕೆಲವಿಲ್ಲ. ದಾಖಲೆಯಲ್ಲಿ ಹೆಸರಿದೆ, ಆದರೆ ಅದು ಹೇಳುವ ಜಾಗದಲ್ಲಿ ವಸ್ತುವಿಲ್ಲ.

ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವ ಮೊದಲ ತಪ್ಪೆಂದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಹೋಗಿ, ಆ ತಂತ್ರಾಂಶದ ಹೆಸರಿನ ಫೋಲ್ಡರನ್ನು ಹಿಡಿದು ಅಳಿಸಿಬಿಡುವುದು. ತೆಗೆದುಹಾಕುವ ಸಾಧನವೂ ಸಾಮಾನ್ಯವಾಗಿ ಅದೇ ಫೋಲ್ಡರಿನಲ್ಲಿರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ ಆಗುತ್ತದೆ.

ಈ ತಪ್ಪು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2005ರ ಒಂದು ಪ್ರಸಂಗ ಸಾಕ್ಷಿ. ಸೋನಿ ಬಿಎಂಜಿ ಸಂಸ್ಥೆಯ ಕೆಲವು ಸಂಗೀತದ ಸಿ.ಡಿ.ಗಳನ್ನು ಗಣಕಯಂತ್ರದಲ್ಲಿ ಹಾಕಿದಾಗ, ನಕಲು ತಡೆಯುವ ತಂತ್ರಾಂಶವೊಂದು ಯಂತ್ರದೊಳಗೆ ಸೇರಿ, ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿತ್ತು. ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಅವರು ಇದನ್ನು ಪತ್ತೆಹಚ್ಚಿ, ಅದೇ ವರ್ಷದ ಅಕ್ಟೋಬರ್ 31ರಂದು ಪ್ರಕಟಪಡಿಸಿದರು. ಅವರು ಅದರ ಭಾಗಗಳನ್ನು ಕೈಯಿಂದ ತೆಗೆದುಹಾಕಿದಾಗ ಯಂತ್ರದ ಸಿ.ಡಿ. ಚಾಲಕವೇ ಕಾಣದಂತಾಯಿತು. ತಜ್ಞರಾದುದರಿಂದ ಅವರು ಅದನ್ನು ಸರಿಪಡಿಸಿಕೊಂಡರು. ಸಂಸ್ಥೆ ಮೊದಲು ಒದಗಿಸಿದ ತೆಗೆಯುವ ಸಾಧನವು ಯಂತ್ರದ ಭದ್ರತೆಯಲ್ಲಿ ಇನ್ನೊಂದು ಬಿರುಕನ್ನು ಉಂಟುಮಾಡಿತು. ಕೊನೆಗೆ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಷ್ಟು ಬಲ್ಲವರಿಗೇ ಹೀಗಾಯಿತೆಂದ ಮೇಲೆ, ಕೈಗೆ ಸಿಕ್ಕಿದ್ದನ್ನು ಅಳಿಸುವ ಮುನ್ನ ನಾವು ಎರಡು ಬಾರಿ ಯೋಚಿಸಬೇಡವೇ?

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊಟ್ಟಮೊದಲನೆಯದು, ನಮ್ಮ ಸ್ವಂತ ಕಾಗದಪತ್ರಗಳ ರಕ್ಷಣೆ. ಭಾವಚಿತ್ರ, ದಾಖಲೆ, ಲೆಕ್ಕಪತ್ರಗಳನ್ನು ಪೆನ್ ಡ್ರೈವ್ ಒಂದಕ್ಕೋ ಹೊರಗಿನ ಹಾರ್ಡ್ ಡಿಸ್ಕಿಗೋ ನಕಲು ಮಾಡಿ, ಅದನ್ನು ಯಂತ್ರದಿಂದ ಬಿಡಿಸಿ ಬೇರೆ ಇಡಬೇಕು. ಹೊಸ ಯಂತ್ರವಾದುದರಿಂದ ಈ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯದು. ಅನಂತರ ಸಿಸ್ಟಮ್ ಪ್ರೊಟೆಕ್ಷನ್ ಎಂಬಲ್ಲಿ ಒಂದು ಪುನಃಸ್ಥಾಪನೆಯ ಗುರುತನ್ನು ನಿರ್ಮಿಸಿಕೊಳ್ಳಬೇಕು. ಮುಂದೆ ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ಆ ಗುರುತಿನ ದಿನಕ್ಕೆ ಹಿಂದಿರುಗಿಸಬಹುದು. ಹಲವು ಹೊಸ ಯಂತ್ರಗಳಲ್ಲಿ ಈ ಅನುಕೂಲವನ್ನು ಆರಿಸಿಟ್ಟಿರುತ್ತಾರೆ. ನಾವೇ ಅದನ್ನು ಚಾಲನೆಗೊಳಿಸಬೇಕು. ಈ ಪುನಃಸ್ಥಾಪನೆ ನಮ್ಮ ಸ್ವಂತ ಕಡತಗಳನ್ನು ಮುಟ್ಟುವುದಿಲ್ಲ. ಆದರೆ ಅಳಿಸಿಹೋದ ಭಾವಚಿತ್ರವನ್ನು ಅದು ಮರಳಿ ತಂದುಕೊಡುವುದೂ ಇಲ್ಲ. ಆದಕಾರಣ ನಕಲು ಬೇಕೇ ಬೇಕು.

ಎರಡನೆಯದು, ಯಂತ್ರವನ್ನು ಮರಳಿ ಆರಂಭಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. 2012ರ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಇದು ಜಾರಿಯಲ್ಲಿದ್ದಾಗ ಷಟ್‌ಡೌನ್ ಒತ್ತಿದರೆ ವ್ಯವಸ್ಥೆಯ ತಿರುಳು ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬೇಗನೆ ಏಳಲೆಂದು ತನ್ನ ಸ್ಥಿತಿಯನ್ನು ಬರೆದಿಟ್ಟು ಮಲಗುತ್ತದೆ. ಆದ್ದರಿಂದ ರೀಸ್ಟಾರ್ಟ್ ಎಂಬುದನ್ನೇ ಆರಿಸಬೇಕು. ಬಳಕೆಯಲ್ಲಿರುವ ಕೆಲವು ಕಡತಗಳನ್ನು ಬದಲಿಸುವ, ಅಳಿಸುವ ಕೆಲಸವನ್ನು ಅಳವಡಿಕೆಯ ಸಾಧನಗಳು ಮುಂದಿನ ಆರಂಭಕ್ಕೆಂದು ಉಳಿಸಿಟ್ಟಿರುತ್ತವೆ. ಒಮ್ಮೆ ರೀಸ್ಟಾರ್ಟ್ ಮಾಡಿದೊಡನೆ ಅರ್ಧ ತೊಂದರೆ ತಾನಾಗಿ ಪರಿಹಾರವಾಗುವುದುಂಟು. ಇನ್ನೊಂದು ಅಳವಡಿಕೆ ನಡೆಯುತ್ತಿದೆ ಎಂಬ ಸೂಚನೆ, ಅಂದರೆ 1618 ಎಂಬ ಸಂಖ್ಯೆಯ ದೋಷ ಕಂಡರೂ ಹೀಗೆಯೇ ಮಾಡಬೇಕು. ಹಿಂದಿನ ಕೆಲಸ ಮುಗಿಯಲೆಂದು ಕಾಯ್ದು, ಮುಗಿಯದಿದ್ದರೆ ರೀಸ್ಟಾರ್ಟ್ ಮಾಡಿ ಮತ್ತೆ ಯತ್ನಿಸಬೇಕು.

ಮೂರನೆಯದು, ತೆಗೆದುಹಾಕುವ ನೇರವಾದ ದಾರಿ. ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ಎಂಬಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ನೋಡಬೇಕು. ತಂತ್ರಾಂಶದ ಹೆಸರಿನ ಎದುರಿಗಿರುವ ಮೂರು ಚುಕ್ಕೆಗಳನ್ನು ಒತ್ತಿದರೆ ಅನ್‌ಇನ್‌ಸ್ಟಾಲ್ ಎಂಬ ಸೂಚನೆ ದೊರೆಯುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ಎಂಬ ಹಳೆಯ ಪಟ್ಟಿಯಲ್ಲಿಯೂ ನೋಡಬಹುದು. ಕೆಲವು ತಂತ್ರಾಂಶಗಳಿಗೆ ಅಲ್ಲಿ ರಿಪೇರ್ ಎಂಬ ಆಯ್ಕೆಯೂ ಇರುತ್ತದೆ.

ನಾಲ್ಕನೆಯದನ್ನು ಕೇಳಿದರೆ ತಮಗೆ ವಿಚಿತ್ರವೆನಿಸಬಹುದು. ತೆಗೆಯಲು ಆಗದ ತಂತ್ರಾಂಶವನ್ನು ಮೊದಲು ಪೂರ್ತಿಯಾಗಿ ಅಳವಡಿಸಬೇಕು! ಅದೇ ತಯಾರಕರ ಅಧಿಕೃತ ಜಾಲತಾಣದಿಂದ ಅದೇ ಆವೃತ್ತಿಯನ್ನು ಪಡೆದು, ವಿದ್ಯುತ್ತು ಮತ್ತು ಸಂಪರ್ಕ ಸ್ಥಿರವಾಗಿರುವ ಹೊತ್ತಿನಲ್ಲಿ ಮತ್ತೊಮ್ಮೆ ಅಳವಡಿಕೆಯನ್ನು ನಡೆಸಿದರೆ, ಕಾಣೆಯಾಗಿದ್ದ ಕಡತಗಳು ತಮ್ಮ ಸ್ಥಾನಕ್ಕೆ ಬಂದು ಕೂರುತ್ತವೆ, ದಾಖಲೆ ಪೂರ್ಣವಾಗುತ್ತದೆ, ತೆಗೆಯುವ ಸಾಧನವೂ ಸಿದ್ಧವಾಗುತ್ತದೆ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿದರೆ ಬಹುಪಾಲು ಸಂದರ್ಭಗಳಲ್ಲಿ ಅದು ಕ್ರಮವಾಗಿ ಹೊರಟುಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯ ಇದು.

ಇದೂ ಫಲಿಸದಿದ್ದರೆ ಇನ್ನೆರಡು ದಾರಿಗಳುಂಟು. ವೈರಾಣು ನಿರೋಧಕ ತಂತ್ರಾಂಶಗಳ ಹಲವು ತಯಾರಕರು ತಮ್ಮ ತಂತ್ರಾಂಶವನ್ನು ಬೇರುಸಹಿತ ತೆಗೆಯಲೆಂದೇ ಪ್ರತ್ಯೇಕ ಸಾಧನವನ್ನು ಉಚಿತವಾಗಿ ಕೊಡುತ್ತಾರೆ. ಹೊಸ ಯಂತ್ರದಲ್ಲಿ ಇದರ ಅಗತ್ಯ ಹೆಚ್ಚು. ಏಕೆಂದರೆ ಅನೇಕ ಯಂತ್ರಗಳು ಕೆಲವು ದಿನಗಳ ಅವಧಿಗೆ ಮಾತ್ರ ಉಚಿತವಾದ ವೈರಾಣು ನಿರೋಧಕವನ್ನು ಹೊತ್ತೇ ಮನೆಗೆ ಬರುತ್ತವೆ. ಬೇರೊಂದು ವೈರಾಣು ನಿರೋಧಕ ಇರುವುದಾಗಿ ದಾಖಲಾಗಿದ್ದರೆ ವಿಂಡೋಸ್‌ನ ಸ್ವಂತ ಡಿಫೆಂಡರ್ ತನ್ನ ನಿರಂತರ ಕಾವಲನ್ನು ನಿಲ್ಲಿಸಿ ಹಿಂದೆ ಸರಿಯುತ್ತದೆ. ಅರ್ಧ ತೆಗೆದ ವೈರಾಣು ನಿರೋಧಕದ ಹೆಸರು ಮಾತ್ರ ಉಳಿದುಕೊಂಡರೆ ಅವನೂ ಇಲ್ಲ, ಇವನೂ ಇಲ್ಲ ಎಂಬಂತೆ ಯಂತ್ರವು ಕಾವಲಿಲ್ಲದೆ ಉಳಿಯುವ ಸಂಭವವಿದೆ. ಆದ್ದರಿಂದ ತೆಗೆದ ಬಳಿಕ ವಿಂಡೋಸ್ ಸೆಕ್ಯುರಿಟಿ ಎಂಬುದನ್ನು ತೆರೆದು, ರಕ್ಷಣೆ ಜಾರಿಯಲ್ಲಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು.

ಎರಡನೆಯ ದಾರಿ, ಮೈಕ್ರೋಸಾಫ್ಟ್ ಸಂಸ್ಥೆಯೇ ಒದಗಿಸುವ ಪ್ರೋಗ್ರಾಂ ಇನ್‌ಸ್ಟಾಲ್ ಅಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್ ಎಂಬ ಉಚಿತ ಸಾಧನ. ಅಳವಡಿಕೆಯನ್ನೋ ತೆಗೆಯುವಿಕೆಯನ್ನೋ ತಡೆಯುತ್ತಿರುವ ಕೆಟ್ಟ ದಾಖಲೆಗಳನ್ನು ಇದು ಹುಡುಕಿ ಸರಿಪಡಿಸುತ್ತದೆ. ಇದರ ಹಿಂದೆ ಒಂದು ಪಾಠವಿದೆ. ಇದೇ ಸಂಸ್ಥೆ ಮೊದಲು ವಿಂಡೋಸ್ ಇನ್‌ಸ್ಟಾಲರ್ ಕ್ಲೀನ್ ಅಪ್ ಎಂಬ ಸಾಧನವನ್ನು ಕೊಡುತ್ತಿತ್ತು. ಅದರಿಂದ ಯಂತ್ರದ ಇತರ ಭಾಗಗಳಿಗೆ ಹಾನಿಯಾಗುವುದು ಕಂಡುಬಂದುದರಿಂದ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ವ್ಯವಸ್ಥೆಯನ್ನು ರಚಿಸಿದವರೇ ತಮ್ಮ ಶುಚಿಕಾರಕವನ್ನು ಹಿಂತೆಗೆದುಕೊಂಡರೆಂದ ಮೇಲೆ, ರಿಜಿಸ್ಟ್ರಿಯನ್ನು ಒಂದೇ ಒತ್ತಿನಲ್ಲಿ ಶುಚಿಗೊಳಿಸುತ್ತೇವೆಂದು ಜಾಹೀರಾತು ನೀಡುವ ಅಪರಿಚಿತ ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥ ಶುಚಿಕಾರಕಗಳ ಬಳಕೆಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ರಿಜಿಸ್ಟ್ರಿಯಲ್ಲಿ ಉಳಿದ ನಾಲ್ಕಾರು ಅನಾಥ ಸಾಲುಗಳಿಂದ ಯಂತ್ರಕ್ಕೆ ಹೊರೆಯಾಗುವುದಿಲ್ಲ. ತಪ್ಪಾಗಿ ಅಳಿಸಿದ ಒಂದೇ ಸಾಲಿನಿಂದ ಯಂತ್ರ ಏಳದೆ ಹೋಗಬಹುದು.

ತಂತ್ರಾಂಶ ಹೊರಟುಹೋದ ಮೇಲೆ ಅಳಿದುಳಿದುದನ್ನು ನೋಡುವ ಸರದಿ ಬರುತ್ತದೆ. ಕಂಟ್ರೋಲ್, ಷಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸ್ಟಾರ್ಟಪ್ ವಿಭಾಗದಲ್ಲಿ ಹೋದ ತಂತ್ರಾಂಶದ ಹೆಸರು ಉಳಿದಿದ್ದರೆ ಅದನ್ನು ನಿಷ್ಕ್ರಿಯಗೊಳಿಸಬಹುದು. ಅಂತರಜಾಲ ವೀಕ್ಷಿಸುವ ಬ್ರೌಸರಿನಲ್ಲಿ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ನೋಡಿ, ತಾವು ಸೇರಿಸದಿರುವುದನ್ನು ತೆಗೆಯಬಹುದು. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಟೆಂಪೊರರಿ ಫೈಲ್ಸ್ ಎಂಬುದರ ಮೂಲಕ ತಾತ್ಕಾಲಿಕ ಕಡತಗಳನ್ನು ಅಳಿಸಬಹುದು. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಹೆಸರೂ ಕಾಣಿಸಿಕೊಳ್ಳುವುದರಿಂದ, ಅಲ್ಲಿ ತಮ್ಮ ಕಾಗದಪತ್ರಗಳಿದ್ದರೆ ಆ ಗುರುತನ್ನು ಹಾಕದೆ ಬಿಡಬೇಕು. ಕೊನೆಯಲ್ಲಿ, ಪ್ರೋಗ್ರಾಂ ಫೈಲ್ಸ್‌ನಲ್ಲಿ ಆ ತಂತ್ರಾಂಶದ ಹೆಸರಿನ ಬರಿದಾದ ಫೋಲ್ಡರ್ ಉಳಿದಿದ್ದರೆ ಈಗ ಅದನ್ನು ಅಳಿಸಲು ಅಡ್ಡಿಯಿಲ್ಲ. ಮೊದಲೇ ಮಾಡಿದ್ದರೆ ತಪ್ಪಾಗುತ್ತಿದ್ದ ಕೆಲಸ ಕೊನೆಯಲ್ಲಿ ಮಾಡಿದರೆ ಸರಿಯಾಗುತ್ತದೆ.

ಅವಶೇಷಗಳಿಂದ ಹೆಚ್ಚು ಹಾನಿಯಿಲ್ಲ ಎಂದೆ. ಅದಕ್ಕೆ ಒಂದು ಮುಖ್ಯ ಅಪವಾದವನ್ನೂ ತಿಳಿದಿರಬೇಕು. 2014ರ ಸೆಪ್ಟೆಂಬರ್‌ನಿಂದ ಕೆಲವು ತಿಂಗಳ ಕಾಲ ಲೆನೊವೊ ಸಂಸ್ಥೆಯ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಷ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ಸೇರಿಸಿ ಮಾರಲಾಗಿತ್ತು. ಜಾಲತಾಣಗಳ ನಡುವೆ ಜಾಹೀರಾತು ತೂರಿಸಲೆಂದು ಅದು ಯಂತ್ರದಲ್ಲಿ ತನ್ನದೇ ಒಂದು ಮೂಲ ಪ್ರಮಾಣಪತ್ರವನ್ನು ಸ್ಥಾಪಿಸಿತ್ತು. ನಾವು ನೋಡುತ್ತಿರುವುದು ನಿಜವಾಗಿಯೂ ನಮ್ಮ ಬ್ಯಾಂಕಿನ ತಾಣವೇ ಎಂಬುದನ್ನು ಯಂತ್ರವು ನಂಬುವುದು ಇಂಥ ಪ್ರಮಾಣಪತ್ರಗಳ ಆಧಾರದಿಂದ. ಆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಗುಪ್ತ ಕೀಲಿ ಇದ್ದುದರಿಂದ, ಅದನ್ನು ಕಂಡುಕೊಂಡ ವಂಚಕನು ನಕಲಿ ತಾಣವನ್ನು ಅಸಲಿಯೆಂದು ನಂಬಿಸಬಹುದಾಗಿತ್ತು. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾದಾಗ ಹಲವರು ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರು. ಆದರೆ ತಂತ್ರಾಂಶ ಹೋದರೂ ಪ್ರಮಾಣಪತ್ರ ಹಾಗೆಯೇ ಉಳಿಯಿತು. ಎರಡನ್ನೂ ತೆಗೆಯುವ ಸಾಧನವನ್ನು ಸಂಸ್ಥೆ ಬಳಿಕ ಒದಗಿಸಿತು. ಡಿಫೆಂಡರ್ ಕೂಡ ಅದನ್ನು ಗುರುತಿಸಿ ತೆಗೆಯತೊಡಗಿತು. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ಸಂಸ್ಥೆಯು ಇತ್ಯರ್ಥಕ್ಕೆ ಬಂದಿತು. ಬಾಡಿಗೆಯವರು ಮನೆ ಖಾಲಿಮಾಡಿದರು, ಆದರೆ ಬೀಗದ ಕೈ ಹೊರಗೇ ಉಳಿಯಿತು ಎಂಬಂಥ ಪ್ರಸಂಗ ಇದು. ಆದಕಾರಣ ತಂತ್ರಾಂಶ ತೆಗೆದ ಬಳಿಕ ಡಿಫೆಂಡರನ್ನು ನವೀಕರಿಸಿ, ಯಂತ್ರವನ್ನು ಒಮ್ಮೆ ಪೂರ್ಣವಾಗಿ ಪರೀಕ್ಷಿಸುವುದು ಒಳ್ಳೆಯದು.

ಇನ್ನು, ಯಾವುದನ್ನು ತೆಗೆಯಬಾರದು? ವಿಂಡೋಸ್ ಫೋಲ್ಡರಿನೊಳಗೆ ಇನ್‌ಸ್ಟಾಲರ್ ಎಂಬ ಮರೆಯ ಫೋಲ್ಡರ್ ಒಂದಿದೆ. ಅದು ಜಾಗ ತಿನ್ನುತ್ತದೆಂದು ಅಳಿಸಿದರೆ, ಮುಂದೆ ತಂತ್ರಾಂಶಗಳನ್ನು ದುರಸ್ತಿ ಮಾಡಲೂ ತೆಗೆಯಲೂ ಆಗದಂಥ ಸ್ಥಿತಿ ಒದಗುತ್ತದೆ. ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬೇರೆ ಬೇರೆ ವರ್ಷಗಳೊಂದಿಗೆ ಹಲವು ಬಾರಿ ಕಾಣುತ್ತದೆ. ಅವು ಒಂದೇ ವಸ್ತುವಿನ ನಕಲುಗಳಲ್ಲ. ಬೇರೆ ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಾಮಗ್ರಿಗಳು. ಧ್ವನಿ, ಪರದೆ, ವೈಫೈ ಮುಂತಾದವುಗಳ ಚಾಲಕ ತಂತ್ರಾಂಶಗಳನ್ನೂ ಮುಟ್ಟಬಾರದು. ಹೆಸರು ಗೊತ್ತಿಲ್ಲ ಎಂಬುದು ತೆಗೆಯಲು ಕಾರಣವಾಗಬಾರದು.

ಕನ್ನಡಿಗರಾದ ನಮಗೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆ ಇದೆ. ನಮ್ಮಲ್ಲಿ ಹಲವರು ಹೊಸ ಯಂತ್ರಕ್ಕೆ ಮೊದಲು ಹಾಕಿಕೊಳ್ಳುವುದು ಬರಹ, ನುಡಿಗಳಂಥ ಕನ್ನಡ ಲಿಪಿ ತಂತ್ರಾಂಶಗಳನ್ನು. ಇಂಥ ಅಳವಡಿಕೆ ನಡುವೆ ನಿಂತಾಗ ಅಕ್ಷರ ಶೈಲಿಯ ಕಡತಗಳು, ಅಂದರೆ ಫಾಂಟುಗಳು ಬಂದು ಕುಳಿತಿದ್ದು, ಕೀಲಿಮಣೆಯ ಭಾಗ ಬಾರದಿರಬಹುದು. ಆ ಫಾಂಟುಗಳನ್ನು ಕಸವೆಂದು ಅಳಿಸುವ ಮುನ್ನ ಯೋಚಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬರೆದಿಟ್ಟ ನಮ್ಮ ಹಳೆಯ ಲೇಖನ, ಸಂಘದ ವರದಿ, ಕುಟುಂಬದ ವಂಶಾವಳಿ ಮೊದಲಾದವು ಅದೇ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾಂಟು ಹೋದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ. ಆಗ ಬರಹ ನಾಶವಾಯಿತೆಂದು ಗಾಬರಿಪಟ್ಟು ಆ ಕಡತವನ್ನೇ ಅಳಿಸಬಾರದು. ಅದೇ ಫಾಂಟನ್ನು ಮತ್ತೆ ಹಾಕಿದರೆ ಬರಹ ಮರಳಿ ಕಾಣುತ್ತದೆ.

ಈಗ ಅತಿ ಮುಖ್ಯವಾದ ಮಾತಿಗೆ ಬರುತ್ತೇನೆ. ತಂತ್ರಾಂಶ ಕೆಟ್ಟು ನಾವು ಕಳವಳಗೊಂಡಿರುವ ಹೊತ್ತೇ ವಂಚಕನಿಗೆ ಸುಸಮಯ. ಪರದೆಯ ತುಂಬ ಕೆಂಪು ಬಣ್ಣದ ಎಚ್ಚರಿಕೆ ಮೂಡಿ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ ಎಂದು ಹೇಳಬಹುದು. ಅಥವಾ ಅಂತರಜಾಲದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಹುಡುಕಿದಾಗ ನಕಲಿ ಸಂಖ್ಯೆಯೇ ಮೊದಲು ಸಿಗಬಹುದು. ಕರೆ ಮಾಡಿದರೆ ಆ ಕಡೆಯ ವ್ಯಕ್ತಿ ಬಹಳ ವಿನಯದಿಂದ ಮಾತನಾಡಿ, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸುತ್ತಾನೆ. ಸಣ್ಣದೊಂದು ಶುಲ್ಕವನ್ನು ಪಾವತಿ ಮಾಡಿ ಎನ್ನುತ್ತಾನೆ. ತಾವು ಬ್ಯಾಂಕಿನ ತಾಣ ತೆರೆಯುವುದನ್ನು ಅವನು ತನ್ನ ಪರದೆಯಲ್ಲಿ ಕುಳಿತು ನೋಡುತ್ತಿರುತ್ತಾನೆ. ಅರ್ಧ ನಿಂತ ತಂತ್ರಾಂಶದಿಂದ ಆಗದ ನಷ್ಟ ಈ ಒಂದು ಕರೆಯಿಂದ ಆಗಿಬಿಡುತ್ತದೆ. ತನ್ನ ದೋಷ ಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ತಿಳಿಸಿದೆ. ಸಂಖ್ಯೆ ಕಂಡಿತೆಂದರೆ ಅದು ಮೋಸವೆಂದೇ ತಿಳಿಯಬೇಕು.

ಅಕಸ್ಮಾತ್ ಹಣ ಹೋಯಿತೆಂದರೆ ನಾಚಿಕೆಪಟ್ಟು ಸುಮ್ಮನಿರಬಾರದು. ಯಂತ್ರದ ಅಂತರಜಾಲ ಸಂಪರ್ಕವನ್ನು ಕೂಡಲೇ ಕಡಿದು, ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರನ್ನು ದಾಖಲಿಸಬೇಕು. ಹಣ ಕೈಯಿಂದ ಕೈಗೆ ಸಾಗಿಹೋಗುವ ಮುನ್ನವೇ ತಡೆಯಲು ಸಾಧ್ಯವಾಗುವುದರಿಂದ ಇಲ್ಲಿ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ. ಗಣಕಯಂತ್ರಗಳ ಭದ್ರತೆಗೆಂದು 2004ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆಯ ಆಶ್ರಯದಲ್ಲಿ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಆರಂಭವಾಯಿತು. ಹಾನಿಕಾರಕ ತಂತ್ರಾಂಶಗಳನ್ನು ಪತ್ತೆಹಚ್ಚಿ ತೆಗೆಯುವ ಸಾಧನಗಳನ್ನು ಅದು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುತ್ತದೆ. ಅಪರಿಚಿತರಿಗೆ ಹಣ ಕೊಡುವ ಮುನ್ನ ಈ ನೆರವನ್ನು ನೆನೆಯಬೇಕು.

ಎಲ್ಲ ಉಪಾಯಗಳೂ ಸೋತರೆ ಕೊನೆಯದೊಂದು ಉಳಿದಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಕವರಿ ಎಂಬಲ್ಲಿ ರೀಸೆಟ್ ದಿಸ್ ಪಿಸಿ ಎಂಬ ಆಯ್ಕೆಯಿದೆ. ಅದರಲ್ಲಿ ಕೀಪ್ ಮೈ ಫೈಲ್ಸ್ ಎಂಬುದನ್ನು ಆರಿಸಿದರೆ ನಮ್ಮ ಸ್ವಂತ ಕಡತಗಳನ್ನು ಉಳಿಸಿಕೊಂಡು, ನಾವು ಹಾಕಿದ ತಂತ್ರಾಂಶಗಳನ್ನು ತೆಗೆದು, ವಿಂಡೋಸ್ ತನ್ನನ್ನು ಹೊಸದಾಗಿ ಸ್ಥಾಪಿಸಿಕೊಳ್ಳುತ್ತದೆ. ಹಾಗಿದ್ದರೂ ನಕಲು ಇಲ್ಲದೆ ಇದಕ್ಕೆ ಕೈಹಾಕಬಾರದು. ಯಂತ್ರದ ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಯಂತ್ರ ಕೇಳಬಹುದು. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹಳೆಯ ಯಂತ್ರದಲ್ಲಿ ಇದು ದೊಡ್ಡ ಕೆಲಸ. ಆದರೆ ಮನೆಗೆ ಬಂದು ಎರಡು ದಿನವಾದ ಯಂತ್ರದಲ್ಲಿ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಆದ್ದರಿಂದಲೇ ನನ್ನ ಸಲಹೆ: ಹೊಸ ಯಂತ್ರದಲ್ಲಿ ಮೊದಲು ತಂತ್ರಾಂಶಗಳನ್ನೆಲ್ಲ ಅಳವಡಿಸಿ, ಬೇಡದುದನ್ನು ತೆಗೆದು, ಕೆಲವು ದಿನ ನಡೆಸಿ ನೋಡಿ; ಅದು ಸರಿಯಾಗಿ ನಡೆಯುತ್ತಿದೆಯೆಂದು ಖಚಿತವಾದ ಮೇಲೆಯೇ ಹಳೆಯ ಭಾವಚಿತ್ರ, ಕಾಗದಪತ್ರಗಳನ್ನು ಅದಕ್ಕೆ ಒಪ್ಪಿಸಿ. ಅಲ್ಲಿಯವರೆಗೆ ಹಳೆಯ ಯಂತ್ರವನ್ನು ಮಾರಬೇಡಿ.

ಇಂಥ ತೊಂದರೆ ಬಾರದಂತೆ ನೋಡಿಕೊಳ್ಳುವುದೂ ಕಷ್ಟವಲ್ಲ. ಒಂದು ಬಾರಿಗೆ ಒಂದೇ ತಂತ್ರಾಂಶವನ್ನು ಅಳವಡಿಸಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರನ್ನು ಸಿಕ್ಕಿಸಿಟ್ಟಿರಬೇಕು. ಮೇಜಿನ ಯಂತ್ರವಾದರೆ ಯುಪಿಎಸ್ ಇರಬೇಕು. ತಯಾರಕರ ತಾಣದಿಂದಲೋ ಮೈಕ್ರೋಸಾಫ್ಟ್ ಸ್ಟೋರಿನಿಂದಲೋ ಮಾತ್ರ ತಂತ್ರಾಂಶವನ್ನು ಪಡೆಯಬೇಕು. ಅಳವಡಿಕೆಯ ನಡುವೆ ಬರುವ ಪ್ರಶ್ನೆಗಳನ್ನು ಓದದೆ ಮುಂದೆ, ಮುಂದೆ ಎಂದು ಒತ್ತುತ್ತ ಹೋದರೆ ಕರೆಯದ ಅತಿಥಿಗಳೂ ಜೊತೆಯಲ್ಲಿ ಒಳಗೆ ಬರುತ್ತಾರೆ. ಯಾವ ದಿನ ಏನನ್ನು ಹಾಕಿದೆವು, ಏನನ್ನು ತೆಗೆದೆವು ಎಂಬುದನ್ನು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಊರಿಂದ ಬರುವ ಮಗನೋ ಸೊಸೆಯೋ ಯಂತ್ರವನ್ನು ಸರಿಪಡಿಸುವಾಗ ಅದು ಬಹಳ ನೆರವಾಗುತ್ತದೆ.

ಬಂಧುಗಳೇ, ಗಣಕಯಂತ್ರದ ಮುಂದೆ ಕುಳಿತ ಹಿರಿಯರಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಭಯವನ್ನು. ಏನನ್ನಾದರೂ ಒತ್ತಿದರೆ ಎಲ್ಲವೂ ಹೋಗಿಬಿಟ್ಟೀತೆಂಬ ಭಯ ಅದು. ನಕಲು ತೆಗೆದಿಟ್ಟ ಮನೆಯಲ್ಲಿ ಆ ಭಯಕ್ಕೆ ಎಡೆಯಿಲ್ಲ. ಮೊದಲು ನಕಲು, ಬಳಿಕ ರೀಸ್ಟಾರ್ಟ್, ಅನಂತರ ಬಂದ ದಾರಿಯಿಂದಲೇ ತೆಗೆಯುವುದು, ಕೊನೆಗೆ ಅವಶೇಷಗಳ ಪರಿಶೀಲನೆ ಎಂಬ ಈ ಕ್ರಮವನ್ನು ನೆನಪಿಟ್ಟರೆ ಸಾಕು. ಕೆಲಸ ಒಂದು ದಿನ ತಡವಾದರೂ ಚಿಂತೆಯಿಲ್ಲ. ಆತುರದಲ್ಲಿ ಅಪರಿಚಿತರ ಕೈಗೆ ಯಂತ್ರವನ್ನು ಒಪ್ಪಿಸಬೇಡಿ.